ಚಾಳೀಸು: ಒಂದು ಪದವಿಚಾರ

ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡಗಳ ಕಡೆಯಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಸಂತೆಯಲ್ಲಿ ಕೇಳಬರುತ್ತವೆ. ಅಲ್ಲಿ ಓದುವ ಕನ್ನಡಕಕ್ಕೂ, ಅದನ್ನು ಬೇಡುವ ದೃಷ್ಟಿಮಾಂದ್ಯಕ್ಕೂ ‘ಚಾಳೀಸು’ ಎಂಬುದೊಂದೇ ಹೆಸರು. ಮರಾಠಿಯಲ್ಲಿ ಚಾಳೀಸ ಎಂದರೆ ನಾಲ್ವತ್ತು. ಹೀಗೆ ವಯಸ್ಸಿನ ಹೆಸರನ್ನೇ ದೃಷ್ಟಿದೋಷಕ್ಕಿಟ್ಟುದರಲ್ಲಿ ತಥ್ಯವೆಷ್ಟೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕಣ್ಣಿನ ಪಾಪೆಯ ಹಿಂದೆ ಬೇಳೆಯಾಕಾರದ ಪಾರದರ್ಶಕವಾದ ಅಂಗವೊಂದುಂಟು; ಅದೇ ಮಸೂರ. ಲ್ಯಾಟಿನಿನ ‘ಲೆನ್ಸ್’ ಎಂಬ ಶಬ್ದಕ್ಕೂ ಮಸೂರಧಾನ್ಯವೆಂದೇ ಅರ್ಥ. ಸಮೀಪದ ಅಕ್ಷರವನ್ನು ನೋಡುವಾಗ ಸುತ್ತಣ ಸ್ನಾಯುವು ಸಂಕುಚಿತವಾಗಿ, ಮಸೂರವನ್ನು ಬಿಗಿದಿರುವ ಎಳೆಗಳು ಸಡಿಲಗೊಂಡು, ಅದು ಉಬ್ಬುವುದು. ಇದಕ್ಕೆ ರಕ್ತನಾಳಗಳಿಲ್ಲ. ಹೊಸ ತಂತುಗಳು ಜೀವಾವಧಿಯೂ ಹೊರಭಾಗದಲ್ಲಿ ಬೆಳೆಯುತ್ತವೆ. ಹಳೆಯವು ಉದುರಿಹೋಗದೆ ಒಳಗೇ ಒತ್ತಲ್ಪಡುತ್ತವೆ. ಆದುದರಿಂದ ಮಸೂರದ ಗರ್ಭವು ಕ್ರಮೇಣ ಗಡುಸಾಗಿ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುವುದು. ಡಚ್ಚರ ವೈದ್ಯನಾದ ಡಾಂಡರ್ಸನು 1864ರ ತನ್ನ ಗ್ರಂಥದಲ್ಲಿ ಈ ಕ್ಷಯವನ್ನು ವಯಸ್ಸಿನ ಕ್ರಮದಿಂದ ಅಳೆದು ತೋರಿಸಿದನು. 10 ವರ್ಷದ ಬಾಲಕನು ಸುಮಾರು 7 ಸೆಂಟಿಮೀಟರು ದೂರದ ಅಕ್ಷರವನ್ನೂ ಕಾಣಬಲ್ಲನು. 40ರಲ್ಲಿ ಅದು ಸುಮಾರು 22, 60ರಲ್ಲಿ ಸುಮಾರು 100 ಸೆಂಟಿಮೀಟರು ದೂರವಿರಬೇಕು. ಕ್ಷಯವು ಬಾಲ್ಯದಿಂದಲೇ ನಡೆದಿದ್ದರೂ, ಓದುವ ಪುಸ್ತಕಕ್ಕೆ ಅದು ಅಡ್ಡಿಯಾಗುವುದು ನಾಲ್ವತ್ತರ ಸುಮಾರಿಗೆ. ಜನರ ಎಣಿಕೆ ತಪ್ಪಲಿಲ್ಲ.

ಸುಶ್ರುತಸಂಹಿತೆಯ ಉತ್ತರತಂತ್ರವು, ಎಷ್ಟು ಯತ್ನಿಸಿದರೂ ಸೂಜಿಯ ಕಣ್ಣು ಕಾಣದಿರುವುದನ್ನು ದೋಷವು ಎರಡನೆಯ ಪಟಲವನ್ನು ಸೇರಿದುದರ ಲಕ್ಷಣವೆಂದು ಹೇಳುತ್ತದೆ. ಲಕ್ಷಣವು ಚಾಳೀಸಿನದೇ, ಆದರೆ ಶಾಸ್ತ್ರವು ಅದನ್ನು ರೋಗವೆಂದೆಣಿಸಿತು, ಆಡುಮಾತು ವಯೋಧರ್ಮವೆಂದೆಣಿಸಿತು. ಇಲ್ಲಿ ಆಡುಮಾತೇ ಗ್ರಾಹ್ಯವೆಂದು ನನ್ನ ಮತ. ಶಾಸ್ತ್ರವು ಲಿಂಗನಾಶವೆಂದು ಕರೆದು, ಕಫಜವಾದುದಕ್ಕೆ ಶಲಾಕೆಯ ಚಿಕಿತ್ಸೆಯನ್ನು ಹೇಳಿದ ಪೊರೆಯಾದರೋ ಬೇರೆ. ಅದರಲ್ಲಿ ಮಸೂರದ ಸಾರವೇ ಕದಡಿ ಬೆಳಕು ಚದುರುವುದು. ಚಾಳೀಸಿಗೆ ಕನ್ನಡಕ ಸಾಕು. ಪೊರೆ ಬಲಿತರೆ ಶಸ್ತ್ರಚಿಕಿತ್ಸೆ ಬೇಕು. ಎರಡನ್ನೂ ಮುಪ್ಪೆಂದು ಒಂದುಗೂಡಿಸಿ ಸುಮ್ಮನಿರುವುದು ಕಣ್ಣಿಗೆ ಅಪಾಯ.

ಗ್ರಂಥಸಂಪಾದಕರಿಗೆ ಈ ವಿಚಾರವು ಅಪ್ರಕೃತವಲ್ಲ. 1539ರಲ್ಲಿ ವೃಂದಾವನಸ್ಥರಾದ ವ್ಯಾಸತೀರ್ಥರು ಉಪಲೋಚನವನ್ನು ಹಿಡಿದು ಓದುತ್ತಿದ್ದರೆಂದು ಸೋಮನಾಥಕವಿಯ ‘ವ್ಯಾಸಯೋಗಿಚರಿತ’ದಿಂದ ತಿಳಿಯುತ್ತದೆ. ಅಂತಹ ಯತಿಗಳು ಸಂಕೋಚಪಡದುದಕ್ಕೆ ನಾನು ಬಹುಕಾಲ ಸಂಕೋಚಪಟ್ಟೆನು. ಐವತ್ತು ದಾಟಿದ ಮೇಲೆ ಒಂದು ಓಲೆಯಲ್ಲಿ ಪಕಾರವೆಂದು ಓದಿ, ಲಿಪಿಕಾರನ ಸ್ಖಾಲಿತ್ಯವೆಂದು ಗುರುತುಹಾಕಿ, ತಿದ್ದುಪಾಠವನ್ನೂ ಬರೆದಿಟ್ಟಿದ್ದೆನು. ಚಾಳೀಸು ಧರಿಸಿ ಹಗಲ ಬೆಳಕಿನಲ್ಲಿ ನೋಡಲಾಗಿ ಅದು ಸ್ಪಷ್ಟವಾದ ಷಕಾರ! ಸ್ಖಾಲಿತ್ಯವು ಲಿಪಿಕಾರನದಲ್ಲ, ನನ್ನ ಮಸೂರದ್ದು. ಪಾಠವನ್ನು ಶಂಕಿಸುವ ಮೊದಲು ಕಣ್ಣನ್ನು ಪರೀಕ್ಷಿಸಿಕೊಳ್ಳುವುದು ನನ್ನ ಪ್ರಾಯದ ವಿದ್ವಾಂಸರಿಗೆಲ್ಲ ಕರ್ತವ್ಯವೆಂದು ವಿಜ್ಞಾಪಿಸುತ್ತೇನೆ.