ವಾಟ್ ಹೆಚ್ಚಿದರೆ ಮಾತು ದೂರ ಹೋದೀತೆ?

ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸಾಗಿ ಪರವಾನಗಿ ಕೈಸೇರಿದ ಕೂಡಲೇ ಮಕ್ಕಳು ಮನೆಯಲ್ಲಿ ಇಡುವ ಬೇಡಿಕೆ, ‘50 ವಾಟಿನ ಸೆಟ್ ಬೇಕು’ ಎಂಬುದು. 5 ವಾಟಿನ ಕೈಸೆಟ್ಟಿಗಿಂತ ಅದು ಹತ್ತು ಪಟ್ಟು ದೂರ ಮುಟ್ಟಬೇಕಲ್ಲವೆ? ಹಣ ಕೊಡುವ ಮುನ್ನ ಹೆತ್ತವರು ಒಂದಿಷ್ಟು ಲೆಕ್ಕ ಕೇಳುವುದು ಒಳ್ಳೆಯದು.

ಊರು ಸುತ್ತಮುತ್ತಲಿನ ಮಾತುಕತೆಗೆ ಹ್ಯಾಮ್‌ಗಳು ಹೆಚ್ಚಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್ ತರಂಗಗಳನ್ನು. ಇವು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ಭೂಮಿಯೋ ಗುಂಡಗಿದೆ. 9 ಮೀಟರ್ ಎತ್ತರದ ಆಂಟೆನಾಕ್ಕೆ ರೇಡಿಯೊ ದಿಗಂತ ಸುಮಾರು 12 ಕಿಲೋಮೀಟರ್. ಅದೇ ಆಂಟೆನಾ 100 ಮೀಟರ್ ಎತ್ತರದಲ್ಲಿದ್ದರೆ ಸುಮಾರು 41. ವಾಟ್‌ಗಳಿಗಿಂತ ಎತ್ತರವೇ ಇಲ್ಲಿ ದೊಡ್ಡ ಬಲ. ಆದ್ದರಿಂದಲೇ ರಿಪೀಟರನ್ನು ಬೆಟ್ಟದ ನೆತ್ತಿಯಲ್ಲಿ ಇಡುತ್ತಾರೆ. ಅದು ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡದ್ದನ್ನು ಆ ಕ್ಷಣವೇ ಇನ್ನೊಂದರಲ್ಲಿ ಮರುಪ್ರಸಾರ ಮಾಡುತ್ತದೆ.

5 ವಾಟ್ 50 ಆದರೆ ಸಿಗುವ ಲಾಭ 10 ಡೆಸಿಬೆಲ್. ಸಂಕೇತ ಅಳೆಯುವ ಎಸ್-ಮೀಟರಿನ ಒಂದು ಮೆಟ್ಟಿಲೇ 6 ಡೆಸಿಬೆಲ್. ಅಂದರೆ ಮುಳ್ಳು ಎರಡು ಮೆಟ್ಟಿಲೂ ಪೂರ್ತಿ ಏರದು! ಸೆಟ್ಟಿನಿಂದ ಆಂಟೆನಾಕ್ಕೆ 30 ಮೀಟರ್ ತೆಳು ಕೇಬಲ್ ಎಳೆದರಂತೂ ಶಕ್ತಿಯ ಮುಕ್ಕಾಲು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ.

ರಿಪೀಟರಿಗೂ ಇದೇ ಮಾತು. ಸುತ್ತಲಿನವರ ಕೈಯಲ್ಲಿರುವುದು 5 ವಾಟಿನ ಸೆಟ್ಟುಗಳಾದರೆ, ರಿಪೀಟರಿಗೆ 100 ವಾಟ್ ಕೊಟ್ಟು ಫಲವೇನು? ಅದರ ದನಿ ದೂರದವರಿಗೂ ಕೇಳುತ್ತದೆ; ಅವರ ಉತ್ತರ ಮಾತ್ರ ಅದಕ್ಕೆ ಕೇಳಿಸದು. ಇಂಥ ರಿಪೀಟರನ್ನು ಹ್ಯಾಮ್‌ಗಳು ‘ಮೊಸಳೆ’ ಎಂದು ಗೇಲಿ ಮಾಡುತ್ತಾರೆ. ಬಾಯಿ ದೊಡ್ಡದು, ಕಿವಿ ಸಣ್ಣದು!

ನೆರೆ, ಬಿರುಗಾಳಿಗೆ ಕರೆಂಟು ಹೋದಾಗ ಇದು ತಮಾಷೆಯಲ್ಲ. 50 ವಾಟಿನಲ್ಲಿ ಮಾತಾಡುವಾಗ ಸೆಟ್ಟು 12 ವೋಲ್ಟ್ ಬ್ಯಾಟರಿಯಿಂದ ಸುಮಾರು 10 ಆಂಪಿಯರ್ ಎಳೆಯುತ್ತದೆ. 7 ಆಂಪಿಯರ್-ಅವರ್ ಬ್ಯಾಟರಿ ಮುಕ್ಕಾಲು ಗಂಟೆಯ ಮಾತಿಗೂ ಸಾಲದು. ಶಕ್ತಿ ತಗ್ಗಿಸಿದರೆ ಅದೇ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬಾಳುತ್ತದೆ. ನೆರವಿನ ಕೂಗು ನಡುವೆ ನಿಲ್ಲುವುದಿಲ್ಲ.

ಕೆಲಸಕ್ಕೆ ಬೇಕಾದಷ್ಟೇ ಶಕ್ತಿ ಬಳಸಬೇಕೆಂಬುದು ಅಂತರರಾಷ್ಟ್ರೀಯ ರೇಡಿಯೊ ನಿಯಮವೂ ಹೌದು. ಮೊದಲು ಕಡಿಮೆ ಶಕ್ತಿಯಲ್ಲಿ ಕರೆಯಿರಿ. ಗೊರಗೊರ ಸದ್ದಿದ್ದರೆ ಒಂದು ಹಂತ ಏರಿಸಿ. ಉಳಿದ ಹಣವನ್ನು ಒಳ್ಳೆಯ ಆಂಟೆನಾ, ಕೇಬಲ್‌ಗೆ ಹಾಕಿ.

1977ರಲ್ಲಿ ಹಾರಿದ ವಾಯೇಜರ್-1 ನೌಕೆಯ ಪ್ರೇಷಕದ ಶಕ್ತಿ ಸುಮಾರು 23 ವಾಟ್. 2,400 ಕೋಟಿ ಕಿಲೋಮೀಟರಿಗೂ ಆಚೆಯಿಂದ ಅದರ ದನಿ ಭೂಮಿಗೆ ಮುಟ್ಟಿದೆ. ಇಲ್ಲಿ ಅದಕ್ಕೆ ಕಿವಿಗೊಡುವ ಆಂಟೆನಾದ ಅಗಲ 70 ಮೀಟರ್!