ಲಗ್ನದ ಎದುರು ಮನೆ

“ಮಗಳ ಲಗ್ನಾ ಯಾವಾಗ್ರಿ?” ಅಳ್ನಾವರದ ಕಡೆ ಕೇಳುವುದು ಹೀಗೆ. ಲೋಂಡಾ ದಾರಿಯ ಈ ರೈಲ್ವೆ ಜಂಕ್ಷನ್ನಿಗೆ ಮರಾಠಿ ದೂರದ ಭಾಷೆಯಲ್ಲ, ಮರಾಠಿಯಲ್ಲೂ ಮದುವೆಗೆ ಲಗ್ನ ಎಂದೇ ಹೆಸರು. ಸಂಸ್ಕೃತದಲ್ಲಿ ಆ ಶಬ್ದಕ್ಕೆ ‘ತಗಲಿಕೊಂಡದ್ದು’ ಎಂಬುದು ಮೂಲ ಅರ್ಥ. ಹೆಣ್ಣು ಗಂಡಿಗೋ ಗಂಡು ಹೆಣ್ಣಿಗೋ ಗಂಟುಬಿದ್ದದ್ದು ಎಂದು ನಗಬಹುದು. ಆದರೆ ಇಲ್ಲಿ ತಗಲಿಕೊಂಡದ್ದು ರಾಶಿ, ಅದೂ ಪೂರ್ವದ ದಿಗಂತಕ್ಕೆ. ಹಗಲು ರಾತ್ರಿ ಸೇರಿ ಹನ್ನೆರಡು ರಾಶಿಗಳು ಮೂಡುತ್ತವೆ, ಒಂದೊಂದಕ್ಕೆ ಹೆಚ್ಚುಕಡಿಮೆ 2 ತಾಸು. ಮದುವೆ ಪತ್ರಿಕೆಯಲ್ಲಿ ‘ಕರ್ಕ ಲಗ್ನ’ ಎಂದು ಅಚ್ಚಾಗಿದ್ದರೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಮೂಡಣದಲ್ಲಿ ಕರ್ಕ ಏರುತ್ತಿದೆ ಎಂದರ್ಥ. ಹೊತ್ತಿನ ಹೆಸರು ಕ್ರಮೇಣ ಕಾರ್ಯದ ಹೆಸರಾಯಿತು.

ಪಂಚಾಂಗ ಬಲ್ಲವರಿಗೆ ಇಷ್ಟು ಗೊತ್ತಿದ್ದದ್ದೇ. ಜಾತಕದಲ್ಲಿ ಲಗ್ನದ ರಾಶಿಯೇ ಮೊದಲ ಮನೆ. ಶೋಧ ನಡೆದದ್ದು ಅದಕ್ಕೆ ನೇರ ಎದುರು, ಪಡುವಣದಲ್ಲಿ ಮುಳುಗುತ್ತಿರುವ ಏಳನೆಯ ಮನೆಯಲ್ಲಿ. ಗಂಡ ಹೆಂಡಿರ ಸಂಗತಿ ನೋಡುವ ಕಳತ್ರಸ್ಥಾನ ಅದು. ಅದರ ಹಳೆಯ ಹೆಸರು ಜಾಮಿತ್ರ. ಕಾಳಿದಾಸನ ‘ಕುಮಾರಸಂಭವ’ದಲ್ಲಿ ಪಾರ್ವತಿಯ ಮದುವೆಗೆ ಆರಿಸಿದ ತಿಥಿಯನ್ನು ಹೇಳುವಾಗ ಈ ಶಬ್ದ ಬರುತ್ತದೆ, ಏಳನೆಯ ಸರ್ಗದ ಮೊದಲ ಶ್ಲೋಕದಲ್ಲೇ. ವ್ಯಾಖ್ಯಾನಕಾರ ಮಲ್ಲಿನಾಥ ‘ಲಗ್ನದಿಂದ ಏಳನೆಯ ಸ್ಥಾನ’ ಎಂದು ಅರ್ಥ ಹೇಳಿ ಮುಂದೆ ಹೋಗುತ್ತಾನೆ. ‘ಜಾಯಾ’ ಎಂದರೆ ಹೆಂಡತಿಯಾದ್ದರಿಂದ ಓದುವವರ ಕಿವಿಗೂ ಅದು ಅಪರಿಚಿತ ಅನ್ನಿಸುವುದಿಲ್ಲ.

1872ರಲ್ಲಿ ಜರ್ಮನಿಯ ಬಾನ್‌ನಲ್ಲಿ ಹರ್ಮನ್ ಯಾಕೋಬಿ ಎಂಬ ಇಪ್ಪತ್ತೆರಡರ ತರುಣ ಭಾರತದ ಹೋರಾಶಾಸ್ತ್ರದ, ಎಂದರೆ ಜಾತಕವಿದ್ಯೆಯ, ಮೂಲವನ್ನು ಕುರಿತು ಲ್ಯಾಟಿನ್ನಿನಲ್ಲಿ ಪ್ರಬಂಧ ಒಪ್ಪಿಸಿದ. ನಮ್ಮ ಜ್ಯೋತಿಷದಲ್ಲಿ ಗ್ರೀಕ್ ಪದಗಳಿವೆ ಎಂಬುದು ಆಗಲೇ ಹೊಸ ಮಾತಾಗಿರಲಿಲ್ಲ. ಕೋಲ್‌ಬ್ರೂಕ್, ವೇಬರ್ ಎಂಬ ವಿದ್ವಾಂಸರು ಅವನ್ನು ಗುರುತಿಸಿದ್ದರು. ಅಂಥ ಪದಗಳಲ್ಲಿ ಜಾಮಿತ್ರವೂ ಒಂದು. ಅದು ಗ್ರೀಕಿನ ‘ಡಿಯಾಮೆಟ್ರೋಸ್’, ಎಂದರೆ ಈ ಕಡೆಯಿಂದ ಆ ಕಡೆಗೆ ಅಡ್ಡ ಅಳೆದದ್ದು. ಶಾಲೆಯಲ್ಲಿ ಕಲಿತ ಡಯಾಮೀಟರ್ ಕೂಡ ಅದರ ಸಂತಾನವೇ.

ಒಂದು ಶಬ್ದ ಇನ್ನೊಂದರ ಹಾಗೆ ಕೇಳಿಸಿದರೆ ಅದು ಕಾಕತಾಳೀಯವೂ ಆಗಿರಬಹುದು. ಇಲ್ಲಿ ನಂಬಿಕೆ ಹುಟ್ಟಿಸುವುದು ಅಕ್ಕಪಕ್ಕದ ಮನೆಗಳು. ನಾಲ್ಕನೆಯದಕ್ಕೆ ಹಿಬುಕ ಎಂಬ ಹೆಸರಿದೆ. ಗ್ರೀಕಿನಲ್ಲಿ ‘ಹಿಪೋಗೇಯೋನ್’, ನೆಲದ ಕೆಳಗಿನದು. ಹತ್ತನೆಯದು ಮೇಷೂರಣ, ‘ಮೆಸೂರಾನೇಮ’, ನಡುಬಾನು. ನಾಲ್ಕನೆಯ ಮನೆ ನಿಜಕ್ಕೂ ಕಾಲಡಿಯ ಕಡೆಗಿದೆ, ಹತ್ತನೆಯದು ನೆತ್ತಿಯ ಕಡೆಗಿದೆ, ಏಳನೆಯದು ಲಗ್ನದ ಎದುರಿಗಿದೆ. ಧ್ವನಿಯೂ ಜಾಗವೂ ಹೀಗೆ ಒಟ್ಟಿಗೇ ಹೊಂದುವಾಗ ಅನುಮಾನಕ್ಕೆ ಎಡೆ ಕಡಿಮೆ. ಲಗ್ನವೂ ಸೇರಿ ಈ ನಾಲ್ಕು ಮನೆಗಳನ್ನು ಒಟ್ಟಾಗಿ ಕೇಂದ್ರ ಎನ್ನುತ್ತಾರೆ. ಅದೂ ಗ್ರೀಕಿನ ‘ಕೆಂಟ್ರೋನ್’. ಕೇಂದ್ರ ಸರ್ಕಾರವನ್ನು ಬೈಯುವಾಗಲೂ ನಾವು ಆ ಶಬ್ದವನ್ನೇ ಬಳಸುತ್ತೇವೆ.

1873ರಲ್ಲಿ ಯಾಕೋಬಿ ಇನ್ನೂ ಧೈರ್ಯದ ಹೆಜ್ಜೆ ಇಟ್ಟ. ಈ ಮನೆಗಳ ಪದ್ಧತಿ ಗ್ರೀಕ್ ರೋಮನ್ ಲೋಕದಲ್ಲಿ ಪೂರ್ತಿ ಬಲಿತ ಮೇಲಲ್ಲವೇ ಇಲ್ಲಿಗೆ ಬಂದಿರಬೇಕು? ಹಾಗಾದರೆ ಜಾಮಿತ್ರ ಎಂದ ಕವಿ ಕ್ರಿ.ಶ. 350ಕ್ಕಿಂತ ಹಿಂದಿನವನಲ್ಲ. ಪಾರ್ವತಿಯ ಮುಹೂರ್ತ ಕಾಳಿದಾಸನ ಕಾಲಕ್ಕೆ ಸಾಕ್ಷಿ ಹೇಳುವಂತಾಯಿತು.

350ರ ಆ ಗೆರೆ ಮಾತ್ರ ಗಟ್ಟಿಯಾಗಿ ನಿಲ್ಲಲಿಲ್ಲ. 1978ರಲ್ಲಿ ವಿದ್ವಾಂಸ ಡೇವಿಡ್ ಪಿಂಗ್ರೀ ನೇಪಾಳದ ತಾಳೆಗರಿಯೊಂದರ ಆಧಾರದ ಮೇಲೆ, ಗ್ರೀಕ್ ಜಾತಕಪದ್ಧತಿಯನ್ನು ಸಂಸ್ಕೃತದಲ್ಲಿ ಹೇಳುವ ‘ಯವನಜಾತಕ’ವನ್ನು ಪ್ರಕಟಿಸಿ, ಅದರ ಕಾಲ ಕ್ರಿ.ಶ. 269–70 ಎಂದರು. ಹಾಗಿದ್ದರೆ ಗ್ರೀಕ್ ಜಾತಕಪದ್ಧತಿ ಯಾಕೋಬಿ ಎಣಿಸಿದ್ದಕ್ಕಿಂತ ಮೊದಲೇ ಇಲ್ಲಿ ಬೇರುಬಿಟ್ಟಿತ್ತು. 2013ರಲ್ಲಿ ಇನ್ನೊಬ್ಬ ವಿದ್ವಾಂಸ ಬಿಲ್ ಮಾಕ್ ಅದರ ಹಸ್ತಪ್ರತಿಗಳನ್ನು ಮತ್ತೆ ಓದಿ, ಪಿಂಗ್ರೀ ಕೊಟ್ಟ ಇಸವಿಯೇ ತಪ್ಪು ಓದಿನಿಂದ ಬಂದದ್ದು ಎಂದು ತೋರಿಸಿದರು. ತಾರೀಖಿನ ಜಗಳ ಹೀಗೆ ಬೆಳೆಯುತ್ತ ಹೋದರೂ ‘ಡಿಯಾಮೆಟ್ರೋಸ್’ನ ಗುರುತು ಅಲುಗಲಿಲ್ಲ.

ಈ ಶಾಸ್ತ್ರ ಕನ್ನಡಕ್ಕೆ ಇಳಿದದ್ದೂ ಅಳ್ನಾವರವಿರುವ ಈ ಧಾರವಾಡ ಸೀಮೆಯಲ್ಲೇ. ನವಲಗುಂದದ ಆಚೆಗಿರುವ ನರಗುಂದ 1997ರವರೆಗೆ ಧಾರವಾಡ ಜಿಲ್ಲೆಯ ಊರು. ಅಲ್ಲಿನ ಶ್ರೀಧರಾಚಾರ್ಯ 1049ರಲ್ಲಿ ‘ಜಾತಕತಿಲಕ’ ಬರೆದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಜ್ಯೋತಿಷ ಗ್ರಂಥ ಅದು.