ನಾಯಿಯ ದುರಭ್ಯಾಸಗಳು ಮತ್ತು ಅವನ್ನು ತಿದ್ದುವ ಕ್ರಮ

ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯಲ್ಲಿ ತುಂಗಭದ್ರಾ ಕಾಲುವೆಯ ಕೆಳಗೆ ಭತ್ತದ ಗದ್ದೆಗಳೂ, ನೀರು ಮುಟ್ಟದ ಕಡೆ ಎರೆಹೊಲಗಳೂ ಇವೆ. ಸುಗ್ಗಿ ತೀರಿದ ಮೇಲೆ ಕುರಿಗಾರರು ಹಿಂಡುಗಳನ್ನು ತಂದು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸುವುದುಂಟು. ಹಿಕ್ಕೆ ಗಂಜಲಗಳಿಂದ ಭೂಮಿಗೆ ಸತ್ತ್ವ ಬರುವುದೆಂಬುದು ಎಲ್ಲ ಒಕ್ಕಲಿಗರಿಗೂ ತಿಳಿದದ್ದೇ. ಊರಿನ ಒಂದು ನಾಯಿ ಕುರಿಗಳನ್ನು ಅಟ್ಟುವ ಚಾಳಿಗೆ ಬಿದ್ದರೆ ಮರಿಗಳು ಸಾಯುವುವು. ಗಬ್ಬದ ಕುರಿಗಳು ಕಂದು ಹಾಕುವುವು. ಕುರಿಗಾರನು ಆ ಹೊಲದ ಕಡೆಗೆ ಮರಳಿ ಸುಳಿಯನು. ನಾಯಿಯ ತಪ್ಪಿಗೆ ಹೀಗೆ ಹೊಲದೊಡೆಯನೂ ದಂಡ ತೆರಬೇಕಾಗುವುದು.

1. ಚಾಳಿಯ ಮೂಲ

ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ಬೇಟೆಗಾಗಿ ಬೆಳೆದು ಬಂದ ಮುಧೋಳ ನಾಯಿಯಲ್ಲಿ ಇದು ಮತ್ತಷ್ಟು ಹೆಚ್ಚು. ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ಮರಿಯು ಯಾರೊಡನೆ ಬೆರೆಯುವುದೋ ಅವರನ್ನು ತನ್ನವರೆಂದು ಬಗೆಯುವುದು. ಆದ್ದರಿಂದ ಈ ಕಾಲದಲ್ಲಿಯೇ ಮರಿಗೆ ಕುರಿ, ಕೋಳಿ, ಕರು, ಮಕ್ಕಳು ಇವರೆಲ್ಲರ ಪರಿಚಯವನ್ನು ಮೆಲ್ಲಗೆ ಮಾಡಿಸತಕ್ಕದ್ದು.

2. ಹೊಡೆತದಿಂದ ಆಗುವ ಕೇಡು

ಮುಂಜಾನೆ ಕುರಿಯನ್ನು ಕಚ್ಚಿದ ನಾಯಿಯನ್ನು ಸಂಜೆ ಕರೆದು ಹೊಡೆಯುವವರು ಬಹು ಮಂದಿ. ನಾಯಿಯು ತಾನು ಆ ಕ್ಷಣದಲ್ಲಿ ಮಾಡಿದ್ದಕ್ಕೂ ಅದರ ಫಲಕ್ಕೂ ಮಾತ್ರ ಸಂಬಂಧ ಕಲ್ಪಿಸಬಲ್ಲುದು. ಸಂಜೆಯ ಪೆಟ್ಟು ಕರೆದಾಗ ಬಂದದ್ದಕ್ಕೆ ಸಿಕ್ಕಿತೆಂದೇ ಅದು ಗ್ರಹಿಸಿ, ಮರುದಿನ ಕರೆದರೆ ಬಾರದು. ಗುರುಗುಟ್ಟಿದ್ದಕ್ಕೆ ಹೊಡೆಯುವುದು ಇನ್ನೂ ಅಪಾಯಕರ. ಗುರುಗುಟ್ಟುವುದು ಎಚ್ಚರಿಕೆ; ಅದನ್ನು ಅಡಗಿಸಿದರೆ ನಾಯಿಯು ಸದ್ದಿಲ್ಲದೆ ಕಚ್ಚುವುದನ್ನು ಕಲಿಯಬಹುದು. ಹಗಲಿರುಳು ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿಯೂ ಕೆರಳುವುದು. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಹಾಗೆ ಕಟ್ಟುವುದೂ, ಹಿಂಸೆಯಾಗುವಂತೆ ಹೊಡೆಯುವುದೂ ಅಪರಾಧ.

3. ತಿದ್ದುವ ವಿಧಾನ

ನಾಯಿಯ ಕೊರಳಪಟ್ಟಿಗೆ ಸುಮಾರು 20 ಮೊಳದ ಹಗುರ ಹಗ್ಗವನ್ನು ಕಟ್ಟಿ, ಕುರಿಗಳು ಕಾಣುವಷ್ಟು ಆದರೆ ನಾಯಿ ಜಗ್ಗದಷ್ಟು ದೂರದಲ್ಲಿ ನಿಲ್ಲಬೇಕು. ಹೆಸರು ಹಿಡಿದು ಒಮ್ಮೆ ಕರೆಯಬೇಕು. ಅದು ತಿರುಗಿ ನೋಡಿದ ಕೂಡಲೇ ರೊಟ್ಟಿಯ ಚೂರನ್ನು ಕೊಟ್ಟು ಮೈದಡವಬೇಕು. ಜಗ್ಗಿದರೆ ಬೈಯದೆ ಹತ್ತು ಹೆಜ್ಜೆ ಹಿಂದಕ್ಕೆ ಸರಿಯಬೇಕು. ದಿನಕ್ಕೆ ಕಾಲು ಗಂಟೆಯಂತೆ ಅಭ್ಯಾಸ ಮಾಡಿಸುತ್ತ, ದೂರವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡಬೇಕು. ಅಭ್ಯಾಸವು ಗಟ್ಟಿಯಾಗುವವರೆಗೆ ಹಿಂಡಿನ ಬಳಿ ಹಗ್ಗ ಬಿಚ್ಚಕೂಡದು. ಒಮ್ಮೆ ಅಟ್ಟಿ ಗೆದ್ದ ನಾಯಿಗೆ ಆ ಗೆಲುವೇ ಬಹುಮಾನ. ಮನೆಮಂದಿಯೆಲ್ಲ ಒಂದೇ ಮಾತನ್ನು ಬಳಸತಕ್ಕದ್ದು. ಒಬ್ಬರು ಎಡೆಯಿಂದ ತುತ್ತು ಹಾಕಿ, ಇನ್ನೊಬ್ಬರು ಅದೇ ಎಡೆಗೆ ಬಾಯಿಟ್ಟಿತೆಂದು ಗದರಿಸಿದರೆ ನಾಯಿಗೆ ಯಾವ ನಿಯಮವೂ ತಿಳಿಯದು.

4. ಹುಚ್ಚುನಾಯಿ ರೋಗ

ಸಾಧುವಾಗಿದ್ದ ನಾಯಿ ಒಮ್ಮೆಲೇ ಕಂಡಕಂಡವರ ಮೇಲೆ ಬೀಳತೊಡಗಿದರೆ, ಜೊಲ್ಲು ಸುರಿಸಿದರೆ, ದನಿ ಬದಲಾದರೆ ಅದನ್ನು ತಿದ್ದಲು ಹೋಗಕೂಡದು. ಹತ್ತಿರ ಸುಳಿಯದೆ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನಿನಿಂದಲೂ ಹರಿಯುವ ನೀರಿನಿಂದಲೂ 15 ನಿಮಿಷ ತೊಳೆದು, ಸುಣ್ಣ ಮೆಣಸಿನಪುಡಿಗಳನ್ನು ಹಚ್ಚದೆ, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಬಹು ಅಪರೂಪ. ಸಾಕಿದ ನಾಯಿಗೆ 3 ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಪುನಃ ಹಾಕಿಸತಕ್ಕದ್ದು.

5. ಗ್ರಾಮದ ಮುಖಂಡರ ಕರ್ತವ್ಯ

ಸತ್ತ ಕುರಿ ದನಗಳನ್ನು ಊರ ಹೊರಗೆ ಬಿಸಾಡಿದರೆ ನಾಯಿಗಳು ಅಲ್ಲಿ ಗುಂಪುಗೂಡುವುವು. ಒಂಟಿಯಾಗಿ ಅಂಜುವ ನಾಯಿ ಗುಂಪಿನಲ್ಲಿ ಕುರಿಯ ಮೇಲೆ ಬೀಳುವುದು. ಕಳೇಬರಗಳನ್ನು ಆಳವಾಗಿ ಹೂಳಿಸುವುದೇ ಇದಕ್ಕೆ ಮೊದಲ ಉಪಾಯ. ವಿಷವಿಕ್ಕುವುದು ಕಾನೂನಿಗೂ ವಿರುದ್ಧ, ದನಕರುಗಳಿಗೂ ಅಪಾಯ. ಒಡೆಯರಿಲ್ಲದ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸುವುದು 2023ರ ನಿಯಮಗಳಂತೆ ಸ್ಥಳೀಯ ಸಂಸ್ಥೆಯ ಹೊಣೆ. ಮುಖಂಡರು ಇದನ್ನು ಪಂಚಾಯಿತಿಯ ಮುಂದಿಟ್ಟು ನಡೆಯಿಸಬೇಕು.

ಎತ್ತನ್ನು ಗಳೇವಿಗೆ ಹೂಡಿ ಪಳಗಿಸಬಲ್ಲ ಒಕ್ಕಲಿಗನಿಗೆ ನಾಯಿಯನ್ನು ತಿದ್ದುವುದು ಕಷ್ಟವಲ್ಲ. ಎರಡಕ್ಕೂ ಬೇಕಾದುದು ತಾಳ್ಮೆ, ಹೊತ್ತಿಗೆ ಸರಿಯಾದ ಅಭ್ಯಾಸ ಮತ್ತು ಒಂದೇ ಮಾತು.